ಬೋಗಿಯ ಅಳತೆಯಿಂದ ಶುರುವಾದ ಹಳಿ: ವಿಜಯನಗರದ ಒಂದು ಮಾದರಿ ರೈಲಿನ ಪ್ರಕರಣ

ಬೆಂಗಳೂರಿನ ವಿಜಯನಗರದಲ್ಲಿ ನನ್ನ ಅಕ್ಕನ ಮನೆಯ ಮಹಡಿ ಮೇಲೆ ಒಂದು ಕೋಣೆ ಇದೆ. 12 ಅಡಿ ಉದ್ದ, 10 ಅಡಿ ಅಗಲ. ಭಾವ ಮತ್ತು ಅವರ ಮಗಳು (ನನಗೆ ಸೊಸೆ) ಸೇರಿ ಅಲ್ಲಿ ಎಚ್‌ಒ ಅಳತೆಯ ರೈಲು ಲೇಔಟ್ ಕಟ್ಟಿದ್ದರು. ಎಚ್‌ಒ ಅಂದರೆ ನಿಜದ ರೈಲಿನ 87ನೇ ಒಂದು ಭಾಗ. ಎಂಜಿನ್ ಒಂದೇ ಓಡಿಸಿದರೆ ಏನೂ ತೊಂದರೆ ಇರಲಿಲ್ಲ. ಹಿಂದೆ ಬೋಗಿ ಸಿಕ್ಕಿಸಿದ ಕೂಡಲೇ ಹಳಿ ತಪ್ಪುತ್ತಿತ್ತು. ಒಂದು ಬೋಗಿ ಆದರೆ ಅಪರೂಪಕ್ಕೆ, ಮೂರು ಬೋಗಿ ಆದರೆ ಪ್ರತಿ ಸುತ್ತಿಗೂ.

ನಾನು ಅದನ್ನು ನೋಡುವ ಹೊತ್ತಿಗೆ ಭಾವ ಹಳಿಗಳನ್ನು ಸಾಕಷ್ಟು ಸಲ ಬಿಚ್ಚಿ ಜೋಡಿಸಿದ್ದರು. "ಎಂಜಿನ್ ಸರಿಯಾಗೇ ಹೋಗತ್ತೆ. ಬೋಗಿನೇ ಡಿಫೆಕ್ಟ್ ಇರಬೇಕು ಕಣೋ" ಅನ್ನುವುದು ಅವರ ತೀರ್ಮಾನ. ಬೋಗಿಗಳನ್ನು ವಾಪಸ್ ಕಳಿಸುವ ಯೋಚನೆಯೂ ಇತ್ತು.

ಏನಿತ್ತು

ಒಂದು 8×4 ಅಡಿ ಎಂಡಿಎಫ್ ಹಲಗೆ, ಅಂದರೆ ಮರದ ನಾರು ಒತ್ತಿ ಮಾಡಿದ್ದು. ಅದನ್ನು ಹಳೇ ದಿವಾನದ ಮೇಲೆ ಇಟ್ಟು, ಕೋಣೆಯ ಮೂಲೆಗೆ ತಳ್ಳಿದ್ದರು. ಮೇಲೆ ಸ್ಟಾರ್ಟರ್ ಸೆಟ್‌ನ ರೆಡಿಮೇಡ್ ಹಳಿ ತುಂಡುಗಳು. ಹೊರಗಿನ ಸುತ್ತು 22 ಇಂಚಿನ ತ್ರಿಜ್ಯ, ಅಂದರೆ 559 ಮಿ.ಮೀ. ಒಳಗಿನ ಸುತ್ತು 18 ಇಂಚು, 457 ಮಿ.ಮೀ. ಸ್ಟೇಷನ್‌ಗೆ ಬರುವ ದಾರಿ ಚಂದ ಕಾಣಲಿ ಅಂತ ಎಡಕ್ಕೊಂದು, ಬಲಕ್ಕೊಂದು ತಿರುವು ಕೊಟ್ಟು ಹಾವಿನ ಹಾಗೆ ಬಳುಕಿಸಿದ್ದರು. ಕರೆಂಟ್ ಒಂದೇ ಕಡೆಯಿಂದ ಹೋಗುತ್ತಿತ್ತು.

ಮಾದರಿ ರೈಲು ಹಳಿ ತಪ್ಪಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಒಂದೇ ಬೋಗಿ ಎಲ್ಲಾ ಕಡೆ ಬೀಳುತ್ತಾ, ಎಲ್ಲಾ ಬೋಗಿಗಳೂ ಒಂದೇ ಕಡೆ ಬೀಳುತ್ತವಾ? ಮೊದಲನೆಯದಾದರೆ ತಪ್ಪು ಬೋಗಿಯದು. ಎರಡನೆಯದಾದರೆ ಹಳಿಯದು. ನಾವು ಬೋಗಿಗಳ ಜಾಗ ಅದಲು ಬದಲು ಮಾಡಿ ಓಡಿಸಿದೆವು. ಸೊಸೆ ಪ್ರತಿ ಸಲ ಬಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತಾ ಹೋದಳು. ಹೆಚ್ಚುಕಮ್ಮಿ ಎಲ್ಲಾ ಗುರುತುಗಳೂ ಆ ಬಳುಕಿನ ನಡುವೆಯೇ ಬಂದವು.

ಆಮೇಲೆ ಒಂದು ಬೋಗಿಯನ್ನು ಬಿಡಿಯಾಗಿ ಬೆರಳಲ್ಲಿ ತಳ್ಳಿದೆವು. ಸಲೀಸಾಗಿ ದಾಟಿತು. ಎರಡನ್ನು ಸಿಕ್ಕಿಸಿ ತಳ್ಳಿದಾಗ, ಬಳುಕಿನ ನಡುವೆ ಮುಂದಿನ ಬೋಗಿಯ ಹಿಂಬದಿ ಚಕ್ರ ಮೆಲ್ಲಗೆ ಮೇಲೆದ್ದು ಹಳಿ ಹತ್ತಿತು. ಕೊಂಡಿಯೇ ಅದನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಭಾವನೂ ಬಗ್ಗಿ ಅದನ್ನು ಕಣ್ಣಾರೆ ನೋಡಿದರು. ಬೋಗಿ ವಾಪಸ್ ಕಳಿಸುವ ಮಾತು ಅಲ್ಲಿಗೆ ನಿಂತಿತು.

ಲೆಕ್ಕ ಏನು ಹೇಳುತ್ತದೆ

ಭಾವನ ಬೋಗಿಗಳು ಐಸಿಎಫ್, ಅಂದರೆ ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಮಾದರಿಯವು. ಐಸಿಎಫ್ ಬೋಗಿ ತುದಿಯ ಬಫರ್‌ನಿಂದ ಬಫರ್‌ಗೆ 22.297 ಮೀಟರ್. ಅದನ್ನು 87ರಿಂದ ಭಾಗಿಸಿದರೆ 256 ಮಿ.ಮೀ. ಕೆಳಗಿನ ಎರಡು ಚಕ್ರದ ಗಾಡಿಗಳ ನಡುವಿನ ಅಂತರ 14.783 ಮೀಟರ್, ಮಾದರಿಯಲ್ಲಿ 170 ಮಿ.ಮೀ. ಅಂದರೆ ಎರಡೂ ತುದಿಯಲ್ಲಿ 43 ಮಿ.ಮೀ. ಉದ್ದ ಚಕ್ರಗಳಿಂದ ಆಚೆ ಚಾಚಿಕೊಂಡಿರುತ್ತದೆ. ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಕ್ಕೆ ಹೋಗುತ್ತದೆ, ತುದಿಗಳು ಹೊರಕ್ಕೆ ಬರುತ್ತವೆ. 457 ಮಿ.ಮೀ. ತಿರುವಿನಲ್ಲಿ ತುದಿ ಹಳಿಯ ನಡುಗೆರೆಯಿಂದ ಸುಮಾರು 10 ಮಿ.ಮೀ. ಹೊರಗೆ ನಿಲ್ಲುತ್ತದೆ. ಎಡ ತಿರುವು ಮುಗಿದ ತಕ್ಷಣ ಬಲ ತಿರುವು ಬಂದರೆ, ಒಂದು ಬೋಗಿಯ ತುದಿ 10 ಮಿ.ಮೀ. ಈ ಕಡೆ, ಮುಂದಿನದರ ತುದಿ 10 ಮಿ.ಮೀ. ಆ ಕಡೆ. ನಡುವಿನ ಕೊಂಡಿ ಈ 20 ಮಿ.ಮೀ. ವ್ಯತ್ಯಾಸ ತಡೆದುಕೊಳ್ಳಬೇಕು. ತಡೆಯಲಾರದೆ ಚಕ್ರವನ್ನೇ ಎತ್ತುತ್ತದೆ.

ಈ ಹವ್ಯಾಸದಲ್ಲಿ ಬಹಳ ಕಾಲದಿಂದ ಇರುವ ಒಂದು ಅಂದಾಜು ಇದೆ: ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಲಿ. ಎರಡೂವರೆ ಪಟ್ಟಿಗೆ ಹೇಗೋ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಕಷ್ಟ. 256ರ ಮೂರು ಪಟ್ಟು 768. ಭಾವನ ಒಳಸುತ್ತು 1.8 ಪಟ್ಟು, ಹೊರಸುತ್ತು 2.2 ಪಟ್ಟು ಇತ್ತು. 4 ಅಡಿ ಅಗಲದ ಹಲಗೆಯಲ್ಲಿ ಅದಕ್ಕಿಂತ ದೊಡ್ಡ ಸುತ್ತು ಹಿಡಿಸುವುದೇ ಇಲ್ಲ. ಹಾಗಾಗಿ ಎಷ್ಟು ಚೊಕ್ಕವಾಗಿ ಜೋಡಿಸಿದ್ದರೂ ಆ ಹಲಗೆಯ ಮೇಲೆ ಐಸಿಎಫ್ ರೇಕ್ (ಬೋಗಿಗಳ ಸಾಲು) ನೆಟ್ಟಗೆ ಓಡುತ್ತಿರಲಿಲ್ಲ.

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕು ಅಂತಿರುವುದೂ ಇದನ್ನೇ. ನಮ್ಮಲ್ಲಿ ಎಲ್ಲರೂ ಹಲಗೆ ಅಳತೆಯಿಂದ ಶುರು ಮಾಡುತ್ತಾರೆ. ಅಂಗಡಿಯಲ್ಲಿ ಪ್ಲೈವುಡ್ 8×4 ಸಿಗುತ್ತದೆ, ಅದಕ್ಕೇ ರೈಲನ್ನು ಹೊಂದಿಸುತ್ತಾರೆ. ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಬೋಗಿ. ಬೋಗಿಯಿಂದ ತಿರುವು, ತಿರುವಿನಿಂದ ಹಲಗೆ, ಹಲಗೆಯಿಂದ ಕೋಣೆ. ಈ ಕ್ರಮ ತಲೆಕೆಳಗಾದರೆ ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಎಷ್ಟು ಹೊತ್ತು ಕೂತರೂ ಪ್ರಯೋಜನ ಇಲ್ಲ.

ಎನ್ ಅಳತೆಗೆ, ಅಂದರೆ 160ನೇ ಒಂದು ಭಾಗಕ್ಕೆ, ಇಳಿಯುವ ದಾರಿಯೂ ಇತ್ತು. ಅದರಲ್ಲಿ ಬೋಗಿ 139 ಮಿ.ಮೀ., ಮೂರು ಪಟ್ಟು ಅಂದರೆ 418. ಅದೇ ಹಲಗೆಯಲ್ಲಿ ಆರಾಮಾಗಿ ಕೂರುತ್ತದೆ. ಹೊಸದಾಗಿ ಶುರು ಮಾಡುವವರು ಬೆಂಗಳೂರಿನ ಚಿಕ್ಕ ಫ್ಲ್ಯಾಟ್‌ನಲ್ಲಿದ್ದರೆ ನಾನು ಅದನ್ನೇ ಹೇಳುತ್ತೇನೆ. ಇಲ್ಲಿ ಎಂಜಿನ್, ಬೋಗಿ ಎಲ್ಲಾ ಎಚ್‌ಒದಲ್ಲಿ ಕೊಂಡಾಗಿತ್ತು.

ಗೋಡೆಗುಂಟ ಹಲಗೆ

ಹೊಸ ಯೋಜನೆ ಹಾಕುವ ಮುಂಚೆ ಅಕ್ಕನನ್ನೂ ಕೂರಿಸಿಕೊಂಡೆವು. ಆ ಕೋಣೆ ಅವಳಿಗೂ ಬೇಕು. "ಮಧ್ಯದಲ್ಲಿ ಬಟ್ಟೆ ಸ್ಟ್ಯಾಂಡ್ ಇಡೋಕೆ ಜಾಗ ಬಿಡಿ, ಗೋಡೆ ಕಡೆ ಏನಾದ್ರೂ ಮಾಡ್ಕೊಳ್ಳಿ" ಅಂದಳು. ಆ ಒಂದು ಮಾತೇ ದಾರಿ ತೋರಿಸಿತು. ಹಳಿ ಗೋಡೆಗುಂಟ ಸುತ್ತಿದರೆ ತಿರುವುಗಳಿಗೆ ಕೋಣೆಯ ನಾಲ್ಕೂ ಮೂಲೆ ಸಿಗುತ್ತವೆ, ನಡುವಿನ ಜಾಗ ಖಾಲಿ ಉಳಿಯುತ್ತದೆ. ಮುಖ್ಯವಾಗಿ ಎಲ್ಲಾ ಕಡೆ ಕೈ ಎಟುಕುತ್ತದೆ. ಹಳೇ ಹಲಗೆಯ ಹಿಂಬದಿ 4 ಅಡಿ ದೂರದಲ್ಲಿತ್ತು. ಅಲ್ಲಿ ಬೋಗಿ ಬಿದ್ದರೆ ದಿವಾನ ಎಳೆಯಬೇಕಿತ್ತು. ಎರಡೂವರೆ ಅಡಿಗಿಂತ ಆಚೆ ಹಳಿ ಹಾಕಿದರೆ ಅದನ್ನು ಯಾರೂ ನಿಗಾ ಮಾಡುವುದಿಲ್ಲ.

ತ್ರಿಜ್ಯ 760 ಮಿ.ಮೀ. ಅಂತ ಇಟ್ಟುಕೊಂಡೆವು. ಹಳಿಯ ನಡುಗೆರೆ ಗೋಡೆಯಿಂದ 100 ಮಿ.ಮೀ. ಈಚೆಗೆ. ಹೀಗೆ ಸುತ್ತಿದರೆ ಒಟ್ಟು 11.3 ಮೀಟರ್ ಹಳಿ. ನಿಜದ ಅಳತೆಯಲ್ಲಿ ಒಂದು ಕಿಲೋಮೀಟರ್‌ಗೆ ತುಸು ಕಡಿಮೆ. ಹಳೇ ಹೊರಸುತ್ತು 6 ಮೀಟರ್ ಇತ್ತು.

ಸೊಸೆಗೆ ಫ್ಲೈಓವರ್ ಬೇಕಿತ್ತು. "ಮಾವ, ಫ್ಲೈಓವರ್ ಇಲ್ದೆ ಬೆಂಗಳೂರು ಹೇಗಾಗತ್ತೆ?" ಅಂದಳು. ಕೂತು ಲೆಕ್ಕ ಹಾಕಿದೆವು. ಒಂದು ಹಳಿಯ ಮೇಲೆ ಇನ್ನೊಂದು ದಾಟಬೇಕಾದರೆ ಸೇತುವೆಯ ದಪ್ಪವೂ ಸೇರಿ 90 ಮಿ.ಮೀ. ಎತ್ತರ ಬೇಕು. ನೂರಕ್ಕೆ ಎರಡರ ಏರು ಕೊಟ್ಟರೆ ಹತ್ತಲು ನಾಲ್ಕೂವರೆ ಮೀಟರ್, ಇಳಿಯಲು ಅಷ್ಟೇ. 11 ಮೀಟರ್ ಸುತ್ತಿನಲ್ಲಿ 9 ಮೀಟರ್ ಅದಕ್ಕೇ ಹೋದರೆ ಸ್ಟೇಷನ್‌ಗೆ ಸಮತಟ್ಟು ಜಾಗ ಉಳಿಯುವುದಿಲ್ಲ. ಕಾಗದದ ಮೇಲೆ ಅವಳೇ ಅದನ್ನು ಹೊಡೆದು ಹಾಕಿದಳು.

ಮಾದರಿಗೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗವನ್ನು ಆರಿಸಿದೆವು. ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್ ಸ್ಟೇಷನ್‌ಗಳ ಚಿಕ್ಕ ಕಟ್ಟಡಗಳು ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿವೆ. ಒಂದೇ ಹಳಿಯ ಮಾರ್ಗ, ಹಾಗಾಗಿ ಒಂದು ಲೂಪ್, ಅಂದರೆ ಪಕ್ಕಕ್ಕೆ ಒಡೆದು ಮತ್ತೆ ಬಂದು ಸೇರುವ ಹಳಿ, ಇದ್ದರೆ ಸಾಕು. 1915ರಲ್ಲಿ ಆ ಮಾರ್ಗ ಶುರುವಾದಾಗ ಅದು ನ್ಯಾರೋ ಗೇಜ್, ಎರಡೂವರೆ ಅಡಿ. ಈಗ ಬ್ರಾಡ್ ಗೇಜ್, 1676 ಮಿ.ಮೀ. ಇಲ್ಲೊಂದು ವಿಷಯ ಹೇಳಲೇಬೇಕು. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435, ಅಂದರೆ ನಮ್ಮ ಮೆಟ್ರೋದ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್ ಗೇಜ್‌ಗೆ ಸರಿಯಾಗಬೇಕಿದ್ದರೆ ಹಳಿ 19.3 ಮಿ.ಮೀ. ಇರಬೇಕಿತ್ತು. ಎದುರಿನಿಂದ ನೋಡಿದರೆ ಬೋಗಿ ಸ್ವಲ್ಪ ಕಿರಿದಾದ ಹಳಿ ಮೇಲೆ ನಿಂತ ಹಾಗೆ ಕಾಣುತ್ತದೆ. ಪಕ್ಕದಿಂದ ಗೊತ್ತಾಗುವುದಿಲ್ಲ. ಅದನ್ನು ಒಪ್ಪಿಕೊಂಡು ಮುಂದೆ ಹೋದೆವು.

ಲೂಪ್‌ನ ಜಗ್ಗಾಟ

ಯೋಜನೆಯಲ್ಲಿ ಅತಿ ಹೆಚ್ಚು ತಲೆ ತಿಂದದ್ದು ಸ್ಟೇಷನ್ ಲೂಪ್. ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ 17.12 ಮೀಟರ್, ಮಾದರಿಯಲ್ಲಿ 197 ಮಿ.ಮೀ. ಮೂರು ಬೋಗಿ ಸೇರಿದರೆ 965. ಇಷ್ಟು ಉದ್ದದ ಗಾಡಿ ಲೂಪ್‌ನಲ್ಲಿ ನಿಂತಾಗ ಪಕ್ಕದ ಹಳಿಗೆ ತಾಗಬಾರದು.

ಉದ್ದ ಗೋಡೆಯಲ್ಲಿ ತಿರುವು ಕಳೆದರೆ 1940 ಮಿ.ಮೀ. ನೇರ ಹಳಿ ಸಿಗುತ್ತದೆ. ಧಾರಾಳ ಅನ್ನಿಸುತ್ತದೆ, ಅಲ್ವಾ? ಆದರೆ ನೇರ ಹಳಿಯಿಂದ ಒಮ್ಮೆಲೇ ತಿರುವಿಗೆ ಹೋದರೆ ಬೋಗಿ ಕುಲುಕುತ್ತದೆ. ನಿಜದ ರೈಲ್ವೆಯಲ್ಲೂ ನಡುವೆ ನಿಧಾನಕ್ಕೆ ಬಾಗುವ ಒಂದು ತುಂಡು ಇರುತ್ತದೆ. ಅದಕ್ಕೆ 450 ಮಿ.ಮೀ. ಇಟ್ಟರೆ ಅದರ ಅರ್ಧ ನೇರ ಭಾಗದಿಂದ ಹೋಗುತ್ತದೆ, ಎರಡೂ ತುದಿ ಸೇರಿ 450. ಉಳಿದದ್ದು 1490. ಪೆಕೊ ಕಂಪನಿಯ ದೊಡ್ಡ ಪಾಯಿಂಟ್ (ಒಂದು ಹಳಿ ಎರಡಾಗಿ ಒಡೆಯುವ ತುಂಡು) ಒಂದೊಂದು 258 ಮಿ.ಮೀ., ಎರಡಕ್ಕೆ 516. ಉಳಿದದ್ದು 974. ಪಾಯಿಂಟ್ ಮುಗಿದ ಮೇಲೂ ಎರಡು ಹಳಿಗಳು ಸಾಕಷ್ಟು ದೂರ ಆಗಲು ಎರಡೂ ಕಡೆ ಸುಮಾರು 95 ಬೇಕು. ಕೊನೆಗೆ ಕೈಗೆ ಸಿಕ್ಕಿದ್ದು 780 ಚಿಲ್ಲರೆ. ಎರಡು ಬೋಗಿಗೆ ಮಾತ್ರ ಸಾಕು.

ಭಾವ ಚಿಕ್ಕ ಪಾಯಿಂಟ್ ಹಾಕೋಣ ಅಂದರು. ಅದು 185 ಮಿ.ಮೀ., ಜಾಗ ಉಳಿಯುತ್ತದೆ. ಆದರೆ ಅದರ ತಿರುವು 610 ಮಿ.ಮೀ. ಅಂದರೆ 760 ಅಂತ ಗಟ್ಟಿ ಮಾಡಿಕೊಂಡ ನಿಯಮವನ್ನು ಸ್ಟೇಷನ್ ಬಾಗಿಲಲ್ಲೇ ಮುರಿದ ಹಾಗೆ. ನಾನು ಬೇಡ ಅಂದೆ. ಅದರ ಬದಲು ಒಂದು ತುದಿಯಲ್ಲಿ ಬಾಗಿದ ಪಾಯಿಂಟ್ ಹಾಕಿದೆವು. ಅದರ ಒಳದಾರಿ 762 ಮಿ.ಮೀ., ಹೊರದಾರಿ 1524. ನಮ್ಮ ತಿರುವಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅದನ್ನು ತಿರುವಿನೊಳಗೇ ಕೂರಿಸಿದ್ದರಿಂದ ಲೂಪ್ ಅಲ್ಲಿಂದಲೇ ಗೋಡೆ ಕಡೆಗೆ ಒಡೆಯುತ್ತದೆ. ನಿಲ್ಲುವ ಜಾಗ ಒಂದು ಮೀಟರ್ ಮೇಲೆ ಬಂತು. ಮೂರು ಬೋಗಿ, ಒಂದು ಎಂಜಿನ್ ಸರಿಯಾಗಿ ಹಿಡಿಸಿತು.

ಮುಂದೆ ಎಲ್‌ಎಚ್‌ಬಿ ಬೋಗಿ, ಅಂದರೆ ಈಚಿನ ಮಾದರಿಯ ಉದ್ದದ ಬೋಗಿ, ಕೊಳ್ಳುವ ಆಸೆ ಭಾವನಿಗೆ. ಅದು ಸುಮಾರು 24 ಮೀಟರ್, ಮಾದರಿಯಲ್ಲಿ 276. ನಮ್ಮ ತಿರುವು ಅದಕ್ಕೆ 2.75 ಪಟ್ಟು ಆಗುತ್ತದೆ. ಓಡುತ್ತದೆ, ತಿರುವಿನಲ್ಲಿ ತುದಿ ಸ್ವಲ್ಪ ಜಾಸ್ತಿ ಚಾಚಿಕೊಂಡು ಕಾಣುತ್ತದೆ ಅಷ್ಟೇ.

ಕೆಲಸ

ಹಲಗೆಗೆ 12 ಮಿ.ಮೀ. ಬಿಡಬ್ಲ್ಯುಪಿ (ನೀರು ತಡೆಯುವ) ಪ್ಲೈ ತಂದೆವು. ಎಂಡಿಎಫ್ ಬೇಡ ಅನ್ನುವುದರಲ್ಲಿ ಎರಡು ಮಾತಿಲ್ಲ. ಹಳೇ ಹಲಗೆ ದಿವಾನದ ಅಂಚುಗಳ ನಡುವೆ ಜೋತು ಬಿದ್ದಿತ್ತು. ಮಳೆಗಾಲದ ತೇವಕ್ಕೆ ಅದರ ಅಂಚುಗಳೂ ಉಬ್ಬಿದ್ದವು. ಪ್ಲೈ ಕತ್ತರಿಸಿದ ಮೇಲೆ ಅಂಚುಗಳಿಗೂ ಅಡಿಗೂ ಪ್ರೈಮರ್ ಹೊಡೆದೆವು. ಕಾಲಿಗೆ ಮರ ಬೇಡ, ಗೆದ್ದಲಿನ ಭಯ ಅಂತ ಆಚಾರ್ರು ಹೇಳಿದರು. ರ‍್ಯಾಕ್ ಮಾಡುವ ಸ್ಲಾಟೆಡ್ ಆ್ಯಂಗಲ್‌ನಲ್ಲೇ ಚೌಕಟ್ಟು ನಿಲ್ಲಿಸಿ, ಎತ್ತರ 1150 ಮಿ.ಮೀ. ಇಟ್ಟೆವು.

ಒಂದು ಮುಖ್ಯ ವಿಷಯ. 760ರ ತಿರುವು ಎಳೆಯಬೇಕಾದರೆ ಅದರ ಕೇಂದ್ರ ಗೋಡೆಯಿಂದ 860 ಮಿ.ಮೀ. ಈಚೆಗೆ ಬರುತ್ತದೆ. ಅಲ್ಲಿ ಹಲಗೆಯೇ ಇಲ್ಲ! ಹಾಗಾಗಿ ಹಲಗೆ ಕತ್ತರಿಸುವ ಮುಂಚೆ ನೆಲದ ಮೇಲೆ ಪೇಪರ್ ಹಾಸಿ, ಮೂಲೆಗಳನ್ನು ಪೂರ್ತಿ ಅಳತೆಯಲ್ಲಿ ಬರೆದೆವು. ಒಂದು ಮರದ ಪಟ್ಟಿ, ಒಂದು ತುದಿಗೆ ಮೊಳೆ, 760 ದೂರದಲ್ಲಿ ಪೆನ್ಸಿಲ್ ತೂತು. ಆ ಪೇಪರನ್ನೇ ಹಲಗೆ ಮೇಲೆ ಇಟ್ಟು ಗುರುತು ಇಳಿಸಿದೆವು. ನಿಧಾನಕ್ಕೆ ಬಾಗುವ ಭಾಗಕ್ಕೆ ಲೆಕ್ಕ ಬೇಕಿಲ್ಲ. ತೆಳ್ಳಗಿನ ಮರದ ರೀಪನ್ನು ನೇರ ಗೆರೆಗೂ ತಿರುವಿನ ಗೆರೆಗೂ ನಡುವೆ ಬಗ್ಗಿಸಿ ಹಿಡಿದರೆ ಅದೇ ಸರಿಯಾದ ಗೆರೆ ತೋರಿಸುತ್ತದೆ.

ಬಾಗಿಲು ಚಿಕ್ಕ ಗೋಡೆಯ ನಡುವೆ ಇದೆ. ಅಲ್ಲಿ ಎತ್ತಿಡುವ ಸೇತುವೆ ಮಾಡಿದೆವು, 760 ಮಿ.ಮೀ. ಉದ್ದ, ಪೂರ್ತಿ ನೇರ ಹಳಿ, ಪಾಯಿಂಟ್ ಯಾವುದೂ ಇಲ್ಲ. ಬಾಗಿಲು ಒಳಗೆ ತೆರೆದರೆ ಹಲಗೆಗೆ ಬಡಿಯುತ್ತದೆ ಅಂತ ಆಚಾರ್ರು ಅದನ್ನು ಹೊರಗೆ ತೆರೆಯುವ ಹಾಗೆ ಬದಲಿಸಿಕೊಟ್ಟರು. ಸೇತುವೆಯ ಎರಡೂ ತುದಿಗೆ ಹಿತ್ತಾಳೆಯ ಚಿಲಕ. ಚಿಲಕ ಹಾಕಿದರೆ ಹಳಿ ಒಂದೇ ಗೆರೆಗೆ ಬರುತ್ತದೆ. ಸೇತುವೆಗೆ ಬರುವ ಅರ್ಧ ಮೀಟರ್‌ಗೂ ಹೆಚ್ಚು ಹಳಿಗೆ ಕರೆಂಟ್ ಹೋಗುವುದೂ ಆ ಚಿಲಕದ ಮೂಲಕವೇ. ಚಿಲಕ ತೆಗೆದರೆ ಎಂಜಿನ್ ದೂರದಲ್ಲೇ ನಿಲ್ಲುತ್ತದೆ, ನೆಲಕ್ಕೆ ಬೀಳುವ ಪ್ರಶ್ನೆ ಬರುವುದಿಲ್ಲ.

ಹಳಿಯ ಕೆಳಗೆ 3 ಮಿ.ಮೀ. ಕಾರ್ಕ್. ಗ್ಯಾಸ್ಕೆಟ್‌ಗೆ ಬಳಸುವ ಕಾರ್ಕ್ ಶೀಟ್ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಬಗ್ಗುವ ಹಳಿ 3 ಅಡಿ ಉದ್ದದ ತುಂಡುಗಳಲ್ಲಿ ಬರುತ್ತದೆ. ತಿರುವಿನಲ್ಲಿ ಜಾಯಿಂಟ್ ಬಂದರೆ ಅಲ್ಲಿ ಮೂಗು ಬೀಳುತ್ತದೆ, ಅಂದರೆ ಹಳಿ ದುಂಡಗೆ ಬಾಗುವ ಬದಲು ಕೋನವಾಗಿ ಮಡಿಯುತ್ತದೆ. ಅದಕ್ಕೆ ಎರಡು ತುಂಡುಗಳನ್ನು ನೇರವಾಗಿದ್ದಾಗಲೇ ಫಿಶ್‌ಪ್ಲೇಟ್ (ಹಳಿ ತುದಿಗಳನ್ನು ಜೋಡಿಸುವ ಪಟ್ಟಿ) ಹಾಕಿ ಬೆಸುಗೆ ಹಾಕಿ, ಆಮೇಲೆ ಒಟ್ಟಿಗೆ ಬಗ್ಗಿಸಿದೆವು.

ತಿರುವು ಸರಿ ಇದೆಯಾ ಅಂತ ನೋಡಲು ರೈಲ್ವೆಯ ಟ್ರ್ಯಾಕ್ ಸಿಬ್ಬಂದಿ ಮಾಡುವ ಕೆಲಸವನ್ನೇ ಮಾಡಿದೆವು. ಅವರು ಹಳಿಗೆ 20 ಮೀಟರ್ ದಾರ ಎಳೆದು ನಡುವಿನ ಅಂತರ ಅಳೆಯುತ್ತಾರೆ. ನಮ್ಮಲ್ಲಿ 300 ಮಿ.ಮೀ. ಸ್ಟೀಲ್ ಸ್ಕೇಲ್. ಅದರ ಎರಡೂ ತುದಿಯನ್ನು ಹೊರ ಹಳಿಯ ಒಳಮುಖಕ್ಕೆ ತಾಗಿಸಿ, ನಡುವೆ ಎಷ್ಟು ಸಂದು ಇದೆ ನೋಡಬೇಕು. 760 ತಿರುವಿಗೆ ಅದು ಹೆಚ್ಚುಕಮ್ಮಿ 14.8 ಮಿ.ಮೀ. ಸೊಸೆ ಅಷ್ಟು ಅಗಲದ ಒಂದು ರಟ್ಟಿನ ತುಂಡು ಕತ್ತರಿಸಿಕೊಂಡು, ಸ್ಕೇಲ್ ಸರಿಸುತ್ತಾ ಇಡೀ ತಿರುವು ನೋಡಿದಳು. ರಟ್ಟು ಸಡಿಲ ಆದ ಕಡೆ ತಿರುವು ಬಿಗಿ ಇದೆ, ರಟ್ಟು ಹೋಗದ ಕಡೆ ತಿರುವು ಚಪ್ಪಟೆ ಇದೆ. ಕಣ್ಣಿಗೆ ಚಂದವಾಗಿ ಕಂಡಿದ್ದ ಒಂದು ಮೂಲೆಯಲ್ಲಿ ಎರಡು ಕಡೆ ಸಿಕ್ಕಿಬಿದ್ದಿತು. ಪಿನ್ ತೆಗೆದು ಸರಿ ಮಾಡಿದೆವು.

ನೇರ ಭಾಗದ ಜಾಯಿಂಟ್‌ಗಳಿಗೆ ಬೆಸುಗೆ ಹಾಕಲಿಲ್ಲ. 2 ಮೀಟರ್ ಹಳಿ 20 ಡಿಗ್ರಿ ವ್ಯತ್ಯಾಸಕ್ಕೆ ಮುಕ್ಕಾಲು ಮಿ.ಮೀ.ಗೆ ಹತ್ತಿರ ಹಿಗ್ಗುತ್ತದೆ. ವಿಸಿಟಿಂಗ್ ಕಾರ್ಡ್ ಮಡಿಸಿ ಸಂದಿಗೆ ಇಟ್ಟು, ಹಳಿ ಕೂರಿಸಿದ ಮೇಲೆ ತೆಗೆದೆವು. ಫಿಶ್‌ಪ್ಲೇಟ್‌ಗಳನ್ನು ಕರೆಂಟ್‌ಗೆ ನಂಬಬಾರದು. ಎಸ್.ಪಿ. ರಸ್ತೆಯಿಂದ ತಂದ 1.5 ಚದರ ಮಿ.ಮೀ. ವೈರ್ ಎರಡನ್ನು ಹಲಗೆಯ ಅಡಿಯಲ್ಲಿ ಸುತ್ತಿಸಿ, ಪ್ರತಿ ಹಳಿ ತುಂಡಿಗೂ ತೆಳು ವೈರ್ ಕೊಟ್ಟೆವು. ಹಳೇದರಲ್ಲಿ ದೂರದ ಮೂಲೆಗೆ ಹೋದಾಗ ಗಾಡಿ ಮಂಕಾಗುತ್ತಿತ್ತು, ಈಗ ಆ ತೊಂದರೆ ಇಲ್ಲ.

ಜಲ್ಲಿಗೆ ಎಂ-ಸ್ಯಾಂಡ್. ನಿಜದ 50 ಮಿ.ಮೀ. ಜಲ್ಲಿ ಈ ಅಳತೆಯಲ್ಲಿ ಅರ್ಧ ಮಿ.ಮೀ. ಚೂರು ಮೇಲೆ. ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ತೊಳೆದು, ಒಣಗಿಸಿ, ಅದರೊಳಗೆ ಅಯಸ್ಕಾಂತ ಆಡಿಸಿದೆವು. ಇದನ್ನು ತಪ್ಪಿಸಬೇಡಿ. ಕಬ್ಬಿಣದ ಪುಡಿ ಎಂಜಿನ್ ಮೋಟಾರಿಗೆ ಅಂಟಿಕೊಂಡರೆ ಮೋಟಾರು ಕೆಡುತ್ತದೆ. ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಡ್ರಾಪರ್‌ನಲ್ಲಿ ಬಿಟ್ಟೆವು. ಪಾಯಿಂಟ್‌ನ ಅಲುಗಾಡುವ ಬ್ಲೇಡ್ ಹತ್ತಿರ ಅಂಟು ಹಾಕಲೇ ಇಲ್ಲ.

ಫಲಿತಾಂಶ, ಉಳಿದದ್ದು

ಜಲ್ಲಿ ಹಾಕುವ ಮುಂಚೆಯೇ ಗಾಡಿಯನ್ನು ಹಿಮ್ಮುಖವಾಗಿ ತಳ್ಳಿಸಿ ನೋಡಿದ್ದೆವು. ಎಳೆಯುವಾಗ ಮುಚ್ಚಿಹೋಗುವ ತಪ್ಪು ತಳ್ಳುವಾಗ ಬಯಲಾಗುತ್ತದೆ. ಮೂರು ಬೋಗಿಯೂ ಎಲ್ಲಾ ತಿರುವು ದಾಟಿದವು. ಬಾಗಿದ ಪಾಯಿಂಟ್‌ನಲ್ಲಿ ಮಾತ್ರ ಒಂದು ಬೋಗಿ ಬೀಳುತ್ತಿತ್ತು, ಅದೂ ಅದೊಂದೇ. ಮೊದಲಿನ ಪ್ರಶ್ನೆಯನ್ನೇ ಕೇಳಿದೆವು. ಈ ಸಲ ತಪ್ಪು ಬೋಗಿಯದು. ಒಂದು ಜೋಡಿ ಚಕ್ರಗಳ ಒಳಮುಖಗಳ ನಡುವಿನ ಅಂತರ 14.4 ಮಿ.ಮೀ. ಆಸುಪಾಸು ಇರಬೇಕು, ಅದರಲ್ಲಿ ಕಿರಿದಾಗಿತ್ತು. ಚಕ್ರವನ್ನು ಆಕ್ಸಲ್ ಮೇಲೆ ಸ್ವಲ್ಪ ತಿರುಗಿಸುತ್ತಾ ಹೊರಕ್ಕೆ ಎಳೆದೆವು, ಸರಿಹೋಯಿತು.

ಮಳೆಗಾಲದಲ್ಲಿ ಸೇತುವೆ ಬಿಗಿಯಾಯಿತು. ತುದಿಯಲ್ಲಿ ಪ್ರೈಮರ್ ಸರಿಯಾಗಿ ತಾಗದ ಕಡೆ ಪ್ಲೈ ಸ್ವಲ್ಪ ಉಬ್ಬಿತ್ತು. ಒಂದು ಮಿ.ಮೀ. ಉಜ್ಜಿ ಮತ್ತೆ ಬಣ್ಣ ಹಚ್ಚಿದ್ದಾರೆ.

ಇನ್ನು ಗೂಡ್ಸ್ ಸೈಡಿಂಗ್, ಅಂದರೆ ಸರಕು ಗಾಡಿ ನಿಲ್ಲಿಸುವ ಪಕ್ಕದ ಹಳಿ, ಬಾಕಿ ಇದೆ. ಅದರ ಮೇಲೆ ಪ್ಯಾಸೆಂಜರ್ ಬೋಗಿ ಹೋಗುವುದಿಲ್ಲ, ಬಾಕ್ಸ್‌ಎನ್ ಅನ್ನುವ ತೆರೆದ ಸರಕು ವ್ಯಾಗನ್ ಮಾತ್ರ. ಅದು 10.713 ಮೀಟರ್, ಮಾದರಿಯಲ್ಲಿ 123 ಮಿ.ಮೀ. ಹಾಗಾಗಿ ಅಲ್ಲಿಗೆ ಭಾವ ಹೇಳಿದ ಆ ಚಿಕ್ಕ ಪಾಯಿಂಟೇ ಸಾಕು. 610 ಅಂದರೆ ವ್ಯಾಗನ್‌ಗೆ ಹತ್ತಿರ ಹತ್ತಿರ ಐದು ಪಟ್ಟು. ಪಾಯಿಂಟ್ ತಂದಾಗಿದೆ, ಅದು ಕೂರುವ ಜಾಗಕ್ಕೆ ಜಲ್ಲಿ ಹಾಕದೆ ಬಿಟ್ಟಿದ್ದೇವೆ.